ಸ ಎಲ್ಲಿ ಉಂಟು ಅಂತ ಮೊದಲು ಹೇಳು: ಎರಡು ಪಿಟೀಲು, ಎರಡು ನಿಮಿಷ, ಐದು ವಾರದ ಜಗಳ

ನಮ್ಮ ಅಮ್ಮನ ಸಹಸ್ರಚಂದ್ರ ದರ್ಶನಕ್ಕೆ ಅಣ್ಣನ ಮಗಳೂ ನಾನೂ ಸೇರಿ ಒಂದು ಪಿಟೀಲು ಜೋಡಿ ನುಡಿಸಿದ್ದು. ಪೀಸ್ ಇದ್ದದ್ದು ಎರಡು ನಿಮಿಷದ ಆಸುಪಾಸು. ಅದಕ್ಕೆ ಬೇಕಾಗಿ ಐದು ವಾರ ಜಗಳ. ಶ್ರುತಿ ಯಾವುದು, ಕಾಲ (ವೇಗ) ಎಷ್ಟು, ಅದು ಖುಷಿಯ ಸಂಗೀತವಾ ಗಂಭೀರವಾ, ಈ ಮೂರರಲ್ಲಿ ಒಂದಕ್ಕೂ ನಾವಿಬ್ಬರು ಒಂದೇ ಉತ್ತರ ಹೇಳ್ಲಿಲ್ಲ. ಮುಗಿದ ಮೇಲೆ ಕೂತು ನೋಡಿದ್ರೆ ಎಲ್ಲಿ ಎಂತ ತಪ್ಪಿತು ಅಂತ ಸರಿಯಾಗಿ ಕಾಣ್ತದೆ, ಅದನ್ನೇ ಪೂರ್ತಿ ಬರೀತೇನೆ, ಕರ್ನಾಟಕ ಸಂಗೀತ ಕಲಿತವರು ವೆಸ್ಟರ್ನ್ ಕಲಿತವರ ಜೊತೆ ಕೂರುದಾದ್ರೆ ಉಪಯೋಗ ಆದೀತು.

ಮೊದಲು ನಾವು ಯಾರು ಅಂತ. ನಾನು ಬದಿಯಡ್ಕ ಕಡೆಯವ, ಅಡಿಕೆ ತೋಟ, ಜೊತೆಗೆ ಮೂವತ್ತು ವರ್ಷದಿಂದ ಪಿಟೀಲಲ್ಲಿ ಪಕ್ಕವಾದ್ಯ. ದೊಡ್ಡ ಹೆಸರೇನೂ ಇಲ್ಲ, ನವರಾತ್ರಿಗೆ, ಮದುವೆಗೆ, ದೇವಸ್ಥಾನದ ಜಾತ್ರೆಗೆ ಕರೀತಾರೆ, ಹೋಗ್ತೇನೆ. ಸ್ಟಾಫ್ ನೊಟೇಶನ್ ಓದ್ಲಿಕ್ಕೆ ಬರುದಿಲ್ಲ. ಅಣ್ಣನ ಮಗಳು ಮಂಗಳೂರಲ್ಲಿ ಇರುದು, ಪಿಯುಸಿ, ಏಳು ವರ್ಷದಿಂದ ವೆಸ್ಟರ್ನ್ ವಯೊಲಿನ್, ಗ್ರೇಡ್ ಪರೀಕ್ಷೆ ಎಲ್ಲ ಬರೀತಾಳೆ. ಅವಳಿಗೆ ಕಾಗದ ಎದುರಿಗಿಟ್ರೆ ಎಂತ ಬೇಕಾದ್ರೂ ನುಡಿಸ್ಲಿಕ್ಕೆ ಬರ್ತದೆ, ಕಾಗದ ತೆಗೆದ್ರೆ ಬರುದಿಲ್ಲ. ನನಗೆ ಸರೀ ಉಲ್ಟಾ.

ಕಾರ್ಯಕ್ರಮ ತುಲಾ ತಿಂಗಳಲ್ಲಿ, ದೇವಸ್ಥಾನದ ಪಕ್ಕದ ಸಭಾಭವನದಲ್ಲಿ. ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಊಟ ಆಗಿ ಅತ್ತಿಗೆಯದ್ದೊಂದು ದೇವರನಾಮ, ಮತ್ತೆ ನಮ್ಮ ಜೋಡಿ, ಎರಡೂವರೆಗೆ ತಾಳಮದ್ದಳೆ. ತಾಳಮದ್ದಳೆಗೆ ಬಂದವರೇ ನಮ್ಮ ಸಭೆ ಅಂತ ಲೆಕ್ಕ, ಅದರಲ್ಲಿ ಸಂಶಯ ಬೇಡ. ನಮಗೆ ಸಿಕ್ಕಿದ್ದು ಎರಡರ ನಡುವೆ ಐದು ನಿಮಿಷ.

ಪೀಸ್ ಆರಿಸಿದ್ದು ಅವಳು. ಟೆಲೆಮಾನ್ ಅಂತ ಜರ್ಮನಿಯ ಸಂಗೀತಗಾರ, 1681ರಲ್ಲಿ ಹುಟ್ಟಿ 1767ರಲ್ಲಿ ಹ್ಯಾಂಬರ್ಗಿನಲ್ಲಿ ತೀರಿಹೋದದ್ದು, ಬಾಖ್‌ನ ಕಾಲದವ. ಅವನು ಪ್ಯಾರಿಸಿಗೆ ಹೋಗಿದ್ದಾಗ 1738ರಲ್ಲಿ ಎರಡು ವಾದ್ಯಕ್ಕೆ ಅಂತ ಆರು ಸೊನಾಟ ಅಚ್ಚು ಹಾಕಿಸಿದ, ಒಂದೊಂದರಲ್ಲಿ ಮೂರು ಭಾಗ, ಒಟ್ಟು ಹದಿನೆಂಟು. ಕೊಳಲಿಗಾದ್ರೂ ಆದೀತು ಪಿಟೀಲಿಗಾದ್ರೂ ಆದೀತು. ವಿಶೇಷ ಎಂತ ಅಂದ್ರೆ ಇಬ್ಬರಿಗೂ ಇರುದು ಒಂದೇ ಪಾಠ. ಒಬ್ಬ ಶುರು ಮಾಡ್ತಾನೆ, ಇನ್ನೊಬ್ಬ ಸ್ವಲ್ಪ ತಡೆದು ಅದನ್ನೇ ಮೊದಲಿಂದ ಶುರು ಮಾಡ್ತಾನೆ, ಇಬ್ಬರೂ ಹಾಗೇ ಹಿಂದೆ ಮುಂದೆ ಹೋಗ್ತಾರೆ, ಆದ್ರೂ ಒಂದಕ್ಕೊಂದು ಹೊಂದುತ್ತದೆ. ಇದಕ್ಕೆ ಕ್ಯಾನನ್ ಅಂತ ಹೆಸರು. ಬರೆಯುವವನು ಪ್ರತಿ ಬಾರನ್ನೂ (ಬಾರ್ ಅಂದ್ರೆ ನಮ್ಮ ತಾಳದ ಒಂದು ಆವರ್ತದ ಹಾಗೆ, ಒಂದು ಸಣ್ಣ ಅಳತೆ) ಅದರ ಹಿಂದಿನ ಬಾರಿನ ಜೊತೆ ಸೇರಿ ಹೇಗೆ ಕೇಳ್ತದೆ ಅಂತ ನೋಡಿಕೊಂಡೇ ಬರೀಬೇಕು, ಇಲ್ಲದಿದ್ರೆ ಸಂತೆಯೇ. ಒಂದನೇ ಸೊನಾಟದ ಮೊದಲ ಭಾಗ, ಜಿ ಮೇಜರ್, ಅಂದ್ರೆ ಜಿ ಸ್ವರವೇ ಅದರ ಮನೆ, ಮೇಲೆ ವಿವಾಚೆ ಅಂತ ಬರೆದುಂಟು, ಎರಡನೆಯವರು ಒಂದು ಬಾರ್ ಹಿಂದೆ. ನಾವು ನುಡಿಸಿದ್ದು ಅಷ್ಟೇ ಭಾಗ.

ನನಗೆ ಕೇಳಿದ ಕೂಡ್ಲೇ ಖುಷಿ ಆಯ್ತು, ಯಾಕಂದ್ರೆ ಹಿಂದೆ ಹೋಗುದೇ ನನ್ನ ಕೆಲಸ ಅಲ್ವಾ. ಹಾಡುವವರು ಆಲಾಪನೆಯಲ್ಲಿ ಒಂದು ಸಂಗತಿ, ಅಂದ್ರೆ ಸ್ವರಗಳ ಒಂದು ಗುಚ್ಛ, ಹಾಕ್ತಾರೆ, ನಾನು ಹಿಂದಿಂದ ಅದನ್ನೇ ಹಾಕ್ತೇನೆ. ಮೂವತ್ತು ವರ್ಷ ಮಾಡಿದ್ದು ಇದನ್ನೇ, ಇದರಲ್ಲಿ ಎಂತ ಕಷ್ಟ ಅಂತ ಕಂಡಿತು. ಈ ಖುಷಿಯೇ ಮುಂದೆ ದೊಡ್ಡ ಎಡವಟ್ಟು ಮಾಡಿದ್ದು, ಅದು ಆಮೇಲೆ ಬರ್ತದೆ.

ಮೊದಲ ಎಡವಟ್ಟು ಶ್ರುತಿಯದ್ದು. ನನಗೆ ನೊಟೇಶನ್ ಬರುದಿಲ್ಲ ಅಂತ ಅವಳು ಪಾಪ ಒಂದು ನೋಟ್‌ಬುಕ್ಕಲ್ಲಿ ಪೂರ್ತಿ ಸರಿಗಮ ಮಾಡಿ ಬರೆದು ಫೋಟೋ ಕಳಿಸಿದ್ಳು, ಚಂದ ಅಕ್ಷರ, ಮೇಲಿನ ಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ, ಎಲ್ಲ ಸರಿ. ನಾನು ಎರಡು ವಾರ ರಾತ್ರಿ ಊಟ ಆಗಿ ಕೂತು ಬಾಯಿಪಾಠ ಮಾಡಿದೆ. ಮಧ್ಯಮ ಎಲ್ಲ ಪ್ರತಿಮಧ್ಯಮ, ಅಂದ್ರೆ ಮೇಲಿನ ಮ, ಉಳಿದದ್ದರಲ್ಲಿ ರಿ ಧ ಚತುಶ್ರುತಿ, ಗ ಅಂತರ, ನಿ ಕಾಕಲಿ. ಸರಿ, ಕಲ್ಯಾಣಿ ರಾಗ. ಜರ್ಮನಿಯವ ಕಲ್ಯಾಣಿಯಲ್ಲಿ ಬರೆದಿದ್ದಾನೆ ಅಂತ ನನಗೆ ಒಳಗಿಂದೊಳಗೆ ಹೆಮ್ಮೆ ಬೇರೆ. ಒಂದೇ ವಿಚಿತ್ರ, ಎಲ್ಲಿ ನಿಂತ್ರೂ ಪಂಚಮದಲ್ಲಿ ನಿಲ್ತದೆ, ಮತ್ತೆ ಪ ನಿ ರಿ, ಪ ನಿ ರಿ ಅಂತ ಹತ್ತುದೇ ಜಾಸ್ತಿ, ಷಡ್ಜ ದಾರಿಯಲ್ಲಿ ಸಿಕ್ಕಿದ್ರೆ ಸಿಕ್ಕಿತು. ಬೇರೆ ರಾಗ ಆಗಿದ್ರೆ ನನಗೆ ಆವಾಗ್ಲೇ ಸಂಶಯ ಬರ್ತಿತ್ತು, ಕಲ್ಯಾಣಿಯಲ್ಲಿ ಷಡ್ಜ ಬಿಟ್ಟು ಓಡಾಡುದು ಉಂಟೇ ಉಂಟು, ಹಾಗಾಗಿ ಬರ್ಲಿಲ್ಲ. ನಾನು ಮಧ್ಯಮಕ್ಕೆ, ನಿಷಾದಕ್ಕೆ ಬೇಕಾದಷ್ಟು ಗಮಕ ಹಾಕಿ, ಅಂದ್ರೆ ಸ್ವರ ತೂಗಾಡಿಸಿ, ಸಾಯಂಕಾಲದ ರಾಗ ಅಂತ ಸ್ವಲ್ಪ ಶಾಂತ ಮಾಡಿ ರೆಡಿ ಇಟ್ಟೆ.

ಅವಳು ಶನಿವಾರ ರೈಲಲ್ಲಿ ಬಂದು, ಚಾವಡಿಯಲ್ಲಿ ಕೂತು, ಶುರು ಮಾಡಿದ್ಳು. ಒಂದು ಬಾರ್ ಬಿಟ್ಟು ನಾನು ಸೇರಿದೆ. ಮಾರಾಯ್ರೆ, ಅದು ಪೂರ್ತಿ ಅಪಸ್ವರ ಆಗಿದ್ರೆ ಆ ಕೂಡ್ಲೇ ನಿಲ್ಲಿಸ್ತಿದ್ದೆವು, ಅರ್ಧ ಅಪಸ್ವರ, ಅರ್ಧ ಸರಿ ಇದ್ದ ಹಾಗೆ. ಅವಳು ಮುಖ ಸಣ್ಣ ಮಾಡಿ, "ಅಪ್ಪಚ್ಚಿ, ಇದು ಎಂತ ಹೀಂಗೆ ಕೇಳ್ತು?"

ನಾನು ಕೇಳಿದೆ, ನಿನ್ನ ಸ, ಅಂದ್ರೆ ಆಧಾರ ಷಡ್ಜ, ಎಲ್ಲಿ ಉಂಟು? ಅವಳಿಗೆ ಪ್ರಶ್ನೆಯೇ ಅರ್ಥ ಆಗ್ಲಿಲ್ಲ. ಸ ಅಂದ್ರೆ ಸಿ ಅಲ್ವಾ ಅಂದ್ಳು. ಅವಳಿಗೆ ಎಲ್ಲೋ ಶಾಲೆಯಲ್ಲಿ ಯಾರೋ ಸಿ ಅಂದ್ರೆ ಸ, ಡಿ ಅಂದ್ರೆ ರಿ ಅಂತ ಕೀಬೋರ್ಡಲ್ಲಿ ತೋರಿಸಿ ಕೊಟ್ಟದ್ದು, ಅದು ತಲೆಯಲ್ಲಿ ಹಾಗೇ ಕೂತುಂಟು. ಅವಳು ಸಿ ಯನ್ನು ಸ ಮಾಡಿ ಬರೆದಿದ್ದಾಳೆ, ಪೀಸ್ ಇರುದು ಜಿ ಯಲ್ಲಿ. ಜಿ ಮೇಜರಿನ ಸ್ವರ ಅಷ್ಟನ್ನೂ ಸಿ ಯಿಂದ ಎಣಿಸಿದ್ರೆ ಎಫ್ ಶಾರ್ಪ್ ಪ್ರತಿಮಧ್ಯಮ ಆಗ್ತದೆ, ಕಲ್ಯಾಣಿ ತಾನಾಗಿ ಹುಟ್ಟುತ್ತದೆ. ಅದೇ ಸ್ವರಗಳನ್ನು ಪಂಚಮದಿಂದ ಎಣಿಸಿದ್ರೆ ಶಂಕರಾಭರಣ. ಗ್ರಹಭೇದ ಅಂತ ನಾವು ವೇದಿಕೆಯಲ್ಲಿ ದೊಡ್ಡದಾಗಿ ಹೇಳುದು ಇದನ್ನೇ, ನನ್ನ ಕಣ್ಣೆದುರೇ ಎರಡು ವಾರ ಇತ್ತು, ಕಾಣ್ಲಿಲ್ಲ. ಮೇಲಿಂದ ನನ್ನ ಪಿಟೀಲು ಅವತ್ತು ಐದು ಕಟ್ಟೆ ಶ್ರುತಿಯಲ್ಲಿ, ಕೀಬೋರ್ಡಲ್ಲಿ ಸಿ ಯಿಂದ ಎಣಿಸಿದ ಐದನೇ ಬಿಳಿ ಮನೆ, ಅಂದ್ರೆ ನನ್ನ ಸ ಜಿ. ಅವಳ ಪುಸ್ತಕದ ಪ ನನ್ನ ಕೈಯಲ್ಲಿ ಡಿ ಆಯ್ತು. ಹಾಗಾಗಿ ಅವಳು ಜಿ ಯಲ್ಲಿ, ನಾನು ಅದಕ್ಕಿಂತ ಐದು ಸ್ವರ ಮೇಲೆ ಡಿ ಯಲ್ಲಿ ನುಡಿಸ್ತಿದ್ದದ್ದು. ಆ ಎರಡು ಮೇಳಕ್ಕೆ ವ್ಯತ್ಯಾಸ ಇರುದು ಒಂದೇ ಸ್ವರ, ಅವಳ ಸಿ ಗೆ ನನ್ನ ಸಿ ಶಾರ್ಪ್. ಅರ್ಧ ಸರಿ ಕೇಳಿದ್ದು ಅದಕ್ಕೆ, ಕಿವಿಗೆ ಚುಚ್ಚಿದ್ದೂ ಹೆಚ್ಚು ಅದೇ.

ಇದು ಬರೀ ಅಕ್ಷರದ ತಪ್ಪು ಅಂತ ಬಿಡಬಹುದಿತ್ತು. ಆದ್ರೆ ನನಗೆ ತಲೆಗೆ ಹೊಕ್ಕಿದ್ದು ಬೇರೆ ವಿಷಯ: ಸ ಎಲ್ಲಿ ಅಂತ ತಪ್ಪು ತಿಳ್ಕೊಂಡ ಕಾರಣ ನಾನು ಭಾವವನ್ನೂ ತಪ್ಪು ಹಾಕಿದ್ದೆ, ಕಾಲವನ್ನೂ ಕಲ್ಯಾಣಿಗೆ ಸರಿಯಾಗಿ ಇಳಿಸಿದ್ದೆ. ಸ್ವರ ಒಂದೇ, ಮನೆ ಯಾವುದು ಅಂತ ಬದಲಾದ್ರೆ ನಡಿಗೆಯೂ ಬದಲಾಗ್ತದೆ. ಅದನ್ನು ಜಿ ಯಿಂದ ಎಣಿಸಿ ಮತ್ತೆ ಬರೆದದ್ದು ನಾನೇ. ಪ ನಿ ರಿ ಇದ್ದದ್ದು ಸ ಗ ಪ ಆಯ್ತು. ಆ ರಾತ್ರಿ ಶಂಕರಾಭರಣ ಅಂತ ಕೈಗೆ ಗೊತ್ತಾದ ಮೇಲೆ ಗಮಕ ತನ್ನಷ್ಟಕ್ಕೆ ಉದುರಿತು, ಯಾಕಂದ್ರೆ ಶಂಕರಾಭರಣದಲ್ಲಿ ನನಗೆ ಗಮಕ ಇಲ್ಲದೆ ನುಡಿಸಿದ ಅಭ್ಯಾಸ ಉಂಟು, ನೊಟ್ಟುಸ್ವರ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಧಾಟಿ ಕೇಳಿ ಅದಕ್ಕೆ ಸಂಸ್ಕೃತ ಸಾಹಿತ್ಯ ಕೂರಿಸಿದ್ದು ಸುಮಾರು ನಲವತ್ತು ಉಂಟಲ್ಲ, ಎಲ್ಲ ಶಂಕರಾಭರಣವೇ, ಸ್ವರ ನೇರ ನೇರ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿನವರ ಹತ್ರ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದವರು. ಅಂದ್ರೆ ನಮ್ಮ ಮನೆ ಚಾವಡಿಯ ಈ ಜಗಳ ಇನ್ನೂರು ವರ್ಷ ಹಿಂದೆ ಯಾರದೋ ಮನೆಯಲ್ಲಿ ಒಮ್ಮೆ ಆಗಿಯೇ ಇರ್ಬೇಕು.

ಈಗ ತಂತಿಯ ವಿಷಯ. ಅವಳ ಪಿಟೀಲು ಕೆಳಗಿಂದ ಜಿ, ಡಿ, ಎ, ಇ. ನನ್ನದು ಸ ಪ ಸ ಪ, ಐದು ಕಟ್ಟೆಯಲ್ಲಿ ಇಟ್ರೆ ಜಿ, ಡಿ, ಜಿ, ಡಿ. ಕೆಳಗಿನ ಎರಡು ತಂತಿ ಇಬ್ಬರದ್ದೂ ಒಂದೇ, ಮೇಲಿನ ಎರಡು ನನ್ನದು ಒಂದೊಂದು ಸ್ವರ ಇಳಿದದ್ದು. ಹಾಗಾಗಿ ಅವಳಿಗೆ ರಿ ಮತ್ತು ಧ ಖಾಲಿ ತಂತಿಯಲ್ಲಿ ಸಿಗ್ತದೆ, ಕೈ ಮುಟ್ಟದೆ ಝಣ್ ಅಂತ ಬಿಡ್ತದೆ. ನಾನು ಅದೇ ರಿ ಯನ್ನು ಸ ತಂತಿಯ ಮೇಲೆ ಬೆರಳಿಟ್ಟು ತೆಗೀಬೇಕು, ಅದು ಮೆತ್ತಗೆ ಬರ್ತದೆ, ಅದಕ್ಕೆ ಸರಿಯಾಗಿ ನನ್ನ ಸ, ಪ ಎಲ್ಲ ತಂತಿಯೂ ಸೇರಿ ಗುಂಯ್ ಅನ್ತದೆ. ಒಂದೇ ಬಾರ್ ಅವಳು ನುಡಿಸಿದಾಗ ಅಂಗಳದಲ್ಲಿ ನಿಂತು ಕರೆದ ಹಾಗೆ, ನಾನು ನುಡಿಸಿದಾಗ ಒಳಗಿಂದ ಓಗೊಟ್ಟ ಹಾಗೆ. ಇದು ಸರಿ ಮಾಡ್ಬೇಕಾದ ದೋಷ ಅಂತ ಅವಳು ಹೇಳಿದ್ಳು, ನಾನೂ ಅವಳ ಹಾಗೆ ಜಿ ಡಿ ಎ ಇ ಕಟ್ಟಿ ನೋಡಿದೆ, ಒಂದು ಗಂಟೆಯಲ್ಲಿ ಬೆರಳಿಗೆ ದಾರಿ ತಪ್ಪಿ ಬಿಟ್ಟೆ. ಬಿಟ್ಟದ್ದು ಒಳ್ಳೇದೇ ಆಯ್ತು. ಇಬ್ಬರೂ ಒಂದೇ ಮಾತು ಹೇಳುವಾಗ ಧ್ವನಿಯೂ ಒಂದೇ ಆದ್ರೆ ಯಾರು ಯಾವಾಗ ಹೇಳಿದ್ದು ಅಂತ ಸಭೆಗೆ ಗೊತ್ತಾಗುದು ಹೇಗೆ?

ತಂಬೂರ ಆಪ್ ಇಡ್ಲಿಕ್ಕೆ ಅವಳು ಬಿಡ್ಲಿಲ್ಲ. ಈ ಸಂಗೀತದಲ್ಲಿ ಆಧಾರ ನಡು ನಡುವೆ ಜಾಗ ಬದಲು ಮಾಡ್ತದೆ, ಸ ಪ ಒಂದೇ ಸಮನೆ ಗುಂಯ್ಗುಟ್ಟಿದ್ರೆ ಅದು ಕೆಸರಾಗ್ತದೆ ಅಂತ. ಇಟ್ಟು ನೋಡಿದೆವು, ಅವಳು ಹೇಳಿದ್ದೇ ಸರಿ. ತಂಬೂರ ಆಫ್ ಮಾಡಿ ಕೂತು ನುಡಿಸಿದ್ದು ನನ್ನ ಜೀವಮಾನದಲ್ಲಿ ಮೊದಲು, ಅಂಗಿ ಇಲ್ಲದೆ ಪೇಟೆಗೆ ಹೋದ ಹಾಗೆ ಆಯ್ತು.

ಗಾಂಧಾರಕ್ಕೆ ಒಂದು ಸಣ್ಣ ಜಗಳ. ಅವಳ ಟ್ಯೂನರ್ ಆಪ್ ನನ್ನ ಗ ಇಳಿದುಂಟು ಅಂತ ಕೆಂಪು ತೋರಿಸ್ತದೆ. ಇಳಿದದ್ದು ಹೌದು, ತಂಬೂರದಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ ಕೀಬೋರ್ಡಿನ ಗ ಕ್ಕಿಂತ 14 ಸೆಂಟ್ ಕಡಿಮೆ, ಸೆಂಟ್ ಅಂದ್ರೆ ಅರ್ಧ ಸ್ವರದ ನೂರರಲ್ಲಿ ಒಂದು ಪಾಲು. ಆಪ್ ಬದಿಗಿಟ್ಟು ಅವಳೇ ತನ್ನ ಡಬಲ್ ಸ್ಟಾಪಲ್ಲಿ, ಅಂದ್ರೆ ಎರಡು ತಂತಿ ಒಟ್ಟಿಗೆ ನುಡಿಸಿ, ಜಿ ಜೊತೆ ಬಿ ಹಿಡಿದು ನೋಡಿದ್ಳು, ಇಳಿಸಿದ್ರೇ ಚಂದ ಕೇಳ್ತದೆ ಅಂತ ಒಪ್ಪಿದ್ಳು. ಇದೊಂದು ಜಗಳ ಅರ್ಧ ಗಂಟೆಯಲ್ಲಿ ಮುಗಿದದ್ದು.

ಶ್ರುತಿ ಜಿ ಅಂತ ತೀರ್ಮಾನ ಆಯ್ತಾ, ಆಗ ಅತ್ತಿಗೆ ಬಂದು ಹೇಳಿದ್ರು, ನಾನು ಹಾಡುದು ನಾಲ್ಕೂವರೆಯಲ್ಲಿ ಅಂತ. ನಾಲ್ಕೂವರೆ ಕಟ್ಟೆ ಅಂದ್ರೆ ಎಫ್ ಶಾರ್ಪ್, ಯಕ್ಷಗಾನದವರು ಕಪ್ಪು ಮೂರು ಅನ್ನುದು. ಅವರ ದೇವರನಾಮಕ್ಕೆ ಪಕ್ಕವಾದ್ಯ ನಾನು, ಅದು ಮುಗಿದ ಕೂಡ್ಲೇ ನಮ್ಮದು. ನಡುವೆ ನಾಲ್ಕೂ ತಂತಿ ಏರಿಸ್ಲಿಕ್ಕೆ ಪುರುಸೊತ್ತು ಇಲ್ಲ. ಪುರುಸೊತ್ತು ಇದ್ರೂ ಈ ಥಂಡಿ ಹವೆಯಲ್ಲಿ ಬಿರಡೆ ಒಮ್ಮೆ ಮುಟ್ಟಿದ್ರೆ ಮತ್ತೆ ಕೂರುದಿಲ್ಲ, ಉಬ್ಬಿ ಬಿಗಿಯಾಗಿರ್ತದೆ, ತಿರುಗಿಸಿದ್ರೆ ಟಕ್ಕಂತ ಹಾರ್ತದೆ. ಐದರಲ್ಲಿ ಹಾಡಿ ಅಂದ್ರೆ ಅತ್ತಿಗೆ ಕೇಳುವವರಲ್ಲ, ಕೇಳ್ಬೇಕಾದ್ದೂ ಇಲ್ಲ, ಹಾಡುವವರ ಗಂಟಲಿಗೆ ತಂತಿ ಹೋಗ್ಬೇಕೇ ವಿನಾ ತಂತಿಗೆ ಗಂಟಲು ಹೋಗುದು ಅಂತ ಇಲ್ಲ. ಉಳಿದದ್ದು ಒಂದೇ ದಾರಿ, ಅಣ್ಣನ ಮಗಳು ನಾಲ್ಕೂ ತಂತಿ ಅರ್ಧ ಸ್ವರ ಇಳಿಸುದು.

ಅವಳು ಸುತಾರಾಂ ಒಪ್ಲಿಲ್ಲ. ಎ ಅಂದ್ರೆ 440, ಅದು ಸ್ಟ್ಯಾಂಡರ್ಡ್, ಇಳಿಸಿದ್ರೆ ಪೀಸ್ ಜಿ ಮೇಜರ್ ಆಗಿ ಉಳಿಯುದಿಲ್ಲ, ಅವಳ ಟೀಚರ್ ಬೈತಾರೆ. ನಮ್ಮಲ್ಲಿ ಹಾಗೆ ಇಲ್ಲ ನೋಡಿ, ಶಂಕರಾಭರಣ ಒಂದು ಕಟ್ಟೆಯಲ್ಲೂ ಶಂಕರಾಭರಣ ಆರರಲ್ಲೂ ಶಂಕರಾಭರಣ. ಅವಳಿಗೆ ಸ್ವರದ ಹೆಸರು ಅಂದ್ರೆ ಗೋಡೆಗೆ ಹೊಡೆದ ಮೊಳೆ, ನನಗೆ ಅದು ಎತ್ತಿ ಎಲ್ಲಿಗೆ ಬೇಕಾದ್ರೂ ಇಡುವ ಮಣೆ.

ಎರಡು ದಿನ ಮಾತು ಬಂದ್ ಆಗಿ, ಮೂರನೇ ದಿನ ಅವಳದ್ದೇ ಮೆಸೇಜು, ಸ್ವಲ್ಪ ನಾಚಿಕೆಯಲ್ಲಿ. ಅವಳ ಟೀಚರ್ ಬೈಲಿಲ್ಲವಂತೆ, ನಕ್ಕರಂತೆ. 440 ಅನ್ನುದನ್ನು ಲೋಕ ಸೇರಿ ನಿಗದಿ ಮಾಡಿದ್ದೇ 1939ರಲ್ಲಿ, ಟೆಲೆಮಾನ್ ಕಾಲಕ್ಕೆ ಊರಿಗೊಂದು ಶ್ರುತಿ, ಈಗ ಆ ಕಾಲದ ಸಂಗೀತವನ್ನು ಹಳೇ ಕ್ರಮದಲ್ಲಿ ನುಡಿಸುವವರು ಸಾಮಾನ್ಯ ಎ ಯನ್ನು 415ಕ್ಕೆ ಇಡುದು. 440ರಿಂದ ಸರಿಯಾಗಿ ಅರ್ಧ ಸ್ವರ ಕೆಳಗೆ. ಅಂದ್ರೆ ಅವರ ಜಿ ಇರುದು ನಮ್ಮ ನಾಲ್ಕೂವರೆ ಕಟ್ಟೆಯಲ್ಲಿ. ಅತ್ತಿಗೆಯ ಗಂಟಲೂ ಹಳೇ ಯುರೋಪಿನ ಲೆಕ್ಕವೂ ಒಂದೇ ಕಡೆ ಬಂದು ಕೂತಿತು. ಅತ್ತಿಗೆಗೆ ಹೇಳಿದೆ, ಅವರು ತೆಂಗಿನಕಾಯಿ ತುರೀತಾ ಹ್ಞೂಂ ಅಂದ್ರು ಅಷ್ಟೆ.

ಇಳಿಸಿದ್ದರಿಂದ ಆದದ್ದು ಇನ್ನೊಂದು. ತಂತಿ ಸ್ವಲ್ಪ ಸಡಿಲ ಆಗ್ತದಲ್ಲ, ಅವಳ ಪಿಟೀಲಿನ ಆ ಚುರುಕು ಸ್ಟೀಲ್ ಧ್ವನಿ ಒಂದು ಪದರ ಕಡಿಮೆ ಆಯ್ತು. ಬಿಲ್ಲು ಮುಟ್ಟಿದ ಕೂಡ್ಲೇ ಸ್ವರ ಹಾರುದಿಲ್ಲ, ಒಂದು ಕ್ಷಣ ತಡೆದು ಬರ್ತದೆ. ಹಾಗಾಗಿ ಮೊದಲಿನ ವೇಗಕ್ಕೆ ನುಡಿಸಿದ್ರೆ ಸ್ವರ ಅರ್ಧಂಬರ್ಧ ನುಂಗಿ ಹೋಗ್ಲಿಕ್ಕೆ ಶುರು. ಶ್ರುತಿ ಇಳಿದದ್ದು ಕಾಲವನ್ನೂ ಎಳೀತು.

ಕಾಲದ ಜಗಳವೇ ಎಲ್ಲಕ್ಕಿಂತ ದೊಡ್ಡದು. ಅವಳು ಮೊದಲಿಂದ ಮೆಟ್ರೊನೋಮ್, ಅಂದ್ರೆ ಟಕ್ ಟಕ್ ಅಂತ ಕಾಲ ತೋರಿಸುವ ಯಂತ್ರ, ನಿಮಿಷಕ್ಕೆ 120 ಪೆಟ್ಟಿಗೆ ಇಟ್ಟು ಅಭ್ಯಾಸ ಮಾಡಿದ್ದು. ನಡುವೆ ಒಮ್ಮೆ ವಾಟ್ಸಾಪ್ ಕಾಲಲ್ಲಿ ಒಟ್ಟಿಗೆ ನುಡಿಸಿ ನೋಡುವ ಅಂತ ಮಾಡಿದೆವು, ನಮ್ಮ ಕಡೆ ರೇಂಜ್ ಗೊತ್ತುಂಟಲ್ಲ, ನಾನು ಒಂದು ಬಾರ್ ಹಿಂದೆ ಇದ್ರೆ ನೆಟ್‌ವರ್ಕ್ ಇನ್ನೊಂದು ಬಾರ್ ಹಿಂದೆ, ಆ ಉಸಾಬರಿ ಬಿಟ್ಟೆವು. ಎದುರುಬದುರು ಕೂತಾಗಲೂ ಶುರು ಮಾಡಿದ್ದು 120ಕ್ಕೆ, ಮುಗಿಯುವಾಗ ಫೋನಲ್ಲಿ ತಟ್ಟಿ ನೋಡಿದ್ರೆ 104. ಪ್ರತಿ ಸಲವೂ.

"ನಿಂಗೊ ಎಂತಗೆ ನಿಧಾನ ಮಾಡುದು?"

"ಆನಲ್ಲ, ನೀನು ಓಡುದು."

ಅವಳದ್ದೇನೂ ತಪ್ಪಿಲ್ಲ, ಎಳೀತಿದ್ದದ್ದು ನಾನೇ, ಅದನ್ನು ಒಪ್ಪಿಕೊಳ್ಳಿಕ್ಕೆ ನನಗೆ ಒಂದು ವಾರ ಹಿಡೀತು. ಕಾರಣ ಆ ಪಕ್ಕವಾದ್ಯದ ಅಭ್ಯಾಸ. ಹಾಡುವವರ ಹಿಂದೆ ಹೋಗುವಾಗ ಅವರು ಒಂದು ಸಂಗತಿ ಮುಗಿಸಿ ನಿಲ್ತಾರೆ, ಆ ಎಡೆಯಲ್ಲಿ ನಾನು ಅದನ್ನು ಹೇಳುದು, ನನ್ನ ಕಿವಿ ಯಾವಾಗಲೂ ಅವರು ಈಗ ಎಂತ ಹೇಳ್ತಾರೆ ಅಂತ ಕಾಯ್ತಿರ್ತದೆ. ಕ್ಯಾನನಲ್ಲಿ ಮುಂದಿನವರು ನಿಲ್ಲುದೇ ಇಲ್ಲ. ನಾನು ಅವಳ ಹಳೇ ಮಾತು ಹೇಳುವಾಗ ಅವಳು ಹೊಸ ಮಾತು ಹೇಳಿ ಆಗ್ತಿರ್ತದೆ, ನನ್ನ ಕಿವಿ ಆ ಹೊಸದಕ್ಕೆ ಓಡ್ತದೆ, ಕೈ ಹಳೇದರಲ್ಲಿ ಉಂಟು, ನಡುವೆ ಸೆಕೆಂಡಿನ ಒಂದು ಚೂರು ತಡವರಿಕೆ, ಅದು ಬಾರಿಗೊಮ್ಮೆ ಸೇರಿ ಸೇರಿ ಕೊನೆಗೆ ಹದಿನಾರು ಇಳೀತದೆ. ಹಿಂದೆ ಹೋಗುವ ಕಲೆ ಗೊತ್ತುಂಟು ಅಂತ ಹೆಮ್ಮೆ ಪಟ್ಟಿದ್ದೆನಲ್ಲ, ಗೊತ್ತಿದ್ದದ್ದೇ ತೊಂದರೆ. ಬೆನ್ನು ಹಿಡಿದು ಹೋಗುದು ಒಂದು, ಅದೇ ದಾರಿಯಲ್ಲಿ ನನ್ನಷ್ಟಕ್ಕೆ ನಡೆಯುದು ಇನ್ನೊಂದು.

ಇದಕ್ಕೆ ಮದ್ದು ಮಾಡಿದ್ದು ನಾನು ಮುಂದೆ ಹೋಗಿ, ಅವಳನ್ನು ಹಿಂದೆ ಹಾಕಿ. ಅವಳಿಗೆ ಕಾಗದ ಉಂಟು, ಅವಳು ಯಾರ ಮುಖವನ್ನೂ ನೋಡುದಿಲ್ಲ, ಅಪ್ಪಚ್ಚಿ ಎಂತ ಮಾಡಿದ್ರೂ ಅವಳ ಬಾರ್ ಅವಳದ್ದು. ಕಾಲ ಇಳಿಯುದು ಮುಕ್ಕಾಲು ಪಾಲು ನಿಂತಿತು. ದೊಡ್ಡವ ಮುಂದೆ, ಸಣ್ಣವಳು ಹಿಂದೆ, ನೋಡುವವರಿಗೂ ಗುರು ಹೇಳಿದ್ದನ್ನು ಶಿಷ್ಯೆ ಒಪ್ಪಿಸಿದ ಹಾಗೆ ಚಂದ. ನಿಜ ವಿಷಯ ಯಾರಿಗೂ ಹೇಳ್ಲಿಲ್ಲ.

ಆದ್ರೂ 120 ನನಗೆ ಸರಿ ಕಾಣ್ಲಿಲ್ಲ. ಮೇಲೆ ವಿವಾಚೆ ಅಂತ ಉಂಟು, ಅಂದ್ರೆ ಫಾಸ್ಟ್ ಅಂತ ಅವಳು. ಅವಳ ಪರೀಕ್ಷೆಯ ಪುಸ್ತಕದಲ್ಲಿ ಹಾಗೇ ಉಂಟು, ಅಲೆಗ್ರೋಕ್ಕಿಂತಲೂ ಮೇಲೆ. ಮೆಟ್ರೊನೋಮಿಗೆ ಪೇಟೆಂಟ್ ಆದದ್ದು 1815ರಲ್ಲಿ, ಟೆಲೆಮಾನ್ ಹೋಗಿ ಅರ್ಧ ಶತಮಾನ ಆಗುತ್ತಾ ಬಂದಿತ್ತು, ಅಂದ್ರೆ ಯಾವ ನಂಬರೂ ಅವನು ಬರೆದದ್ದಲ್ಲ. ಮತ್ತೆ ಮೊಜಾರ್ಟನ ಅಪ್ಪ ಲಿಯೋಪೋಲ್ಡ್ ಮೊಜಾರ್ಟ್ 1756ರಲ್ಲಿ ಪಿಟೀಲು ಕಲಿಯುವವರಿಗೆ ಒಂದು ಪುಸ್ತಕ ಬರೆದಿದ್ದಾನೆ, ಅದರಲ್ಲಿ ವಿವಾಚೆ ಅಂದ್ರೆ ಲವಲವಿಕೆ, ವೇಗಕ್ಕೂ ನಿಧಾನಕ್ಕೂ ನಡುವಿನದ್ದು ಅಂತ ಅರ್ಥ ಹೇಳಿದ್ದಾನೆ. ಅವಳ ಟೀಚರೇ ತೋರಿಸಿ ಕೊಟ್ಟದ್ದಂತೆ. ಅಲ್ಲಿಗೆ ಐದು ವಾರದ ಜಗಳದ ಬುಡ ಸಿಕ್ಕಿತು. ನಾವಿಬ್ಬರೂ ವಿವಾಚೆ ಅನ್ನುದನ್ನು ಕಾಲ ಅಂತ ತಿಳ್ಕೊಂಡು, ಭಾವ ಯಾವುದು ಅಂತ ಬೇರೆ ಹುಡುಕ್ತಿದ್ದೆವು. ಆ ಶಬ್ದ ಇದ್ದದ್ದೇ ಭಾವಕ್ಕೆ.

ಅದೇ ಕಾಲದ ಇನ್ನೊಬ್ಬ, ಕ್ವಾಂಟ್ಸ್ ಅಂತ, ಕೊಳಲು ನುಡಿಸುವವ, 1752ರ ಅವನ ಪುಸ್ತಕದಲ್ಲಿ ಕಾಲ ಹಿಡೀಲಿಕ್ಕೆ ಮನುಷ್ಯನ ನಾಡಿ ನೋಡಿ ಅಂತಾನೆ, ನಿಮಿಷಕ್ಕೆ ಸುಮಾರು 80. ಅದೂ ಯಾವ ನಾಡಿ ಅಂದ್ರೆ ಮಧ್ಯಾಹ್ನ ಊಟ ಆದ ಮೇಲಿನ, ಉಲ್ಲಾಸದಲ್ಲಿರುವ ಮನುಷ್ಯನದ್ದು. ನಮ್ಮ ಕಾರ್ಯಕ್ರಮ ಊಟ ಆದ ಮೇಲೆಯೇ, ಹೋಳಿಗೆ, ಎರಡು ಪಾಯಸ, ಸಭೆಯ ನಾಡಿ ಎಲ್ಲಿರ್ತದೆ ಅಂತ ನಿಮಗೇ ಗೊತ್ತು.

88ಕ್ಕೆ ಇಳಿಸಿದೆವು, ನಿದ್ದೆ ಬಂತು. ಆಗ ಅವಳು ಒಂದು ಒಳ್ಳೇ ಮಾತು ಹೇಳಿದ್ಳು, ನಿಧಾನ ಆದದ್ದು ಕಾಲ ಅಲ್ಲ ಅಪ್ಪಚ್ಚಿ, ನಿಂಗಳ ಬಿಲ್ಲು ಅಂತ. ಹೌದು. ನಾವು ಒಂದು ಬಿಲ್ಲಿಗೆ ನಾಲ್ಕು ಆರು ಸ್ವರ ಸೇರಿಸಿ ಎಳೆಯುದು, ಗಾಯಕಿ ಶೈಲಿ, ಕಡಿಯಬಾರದು ಅಂತಲೇ ಕಲಿತದ್ದು. ಅವಳು ಒಂದು ಸ್ವರಕ್ಕೆ ಒಂದು ಬಿಲ್ಲು, ಬಿಲ್ಲಿನ ನಡುಭಾಗದಲ್ಲಿ ನಾಲ್ಕು ಬೆರಳು ಅಗಲ, ಎರಡು ಸ್ವರದ ನಡುವೆ ಕೂದಲೆಳೆಯಷ್ಟು ಗಾಳಿ. ಆ ಗಾಳಿಯೇ ಲವಲವಿಕೆ. ನಾನು ಕಚೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ತನಿಯ ಮೃದಂಗ ನೆನಪು ಮಾಡ್ಕೊಂಡು, ಸ್ವರ ಅಲ್ಲ ಮೃದಂಗದ ಸೊಲ್ಲು ಹೇಳುದು ಅಂತ ಭಾವಿಸಿ ಬಿಲ್ಲು ಸಣ್ಣ ಮಾಡಿದೆ, ಅದೇ 88 ಕುಣೀಲಿಕ್ಕೆ ಶುರು ಆಯ್ತು. ಅಲ್ಲಿಂದ ಮೆಲ್ಲ ಏರಿಸಿ 96ಕ್ಕೆ ನಿಲ್ಲಿಸಿದೆವು. ಆ ಕಾಲದಲ್ಲಿ ನನ್ನ ಒಂದು ಬಾರ್ ಪೂರ್ತಿ ಕೇಳಿ ಮುಗಿಸ್ಲಿಕ್ಕೆ ಪುರುಸೊತ್ತು ಸಿಗ್ತದೆ, ಅದು ಮತ್ತೆ ಅವಳಲ್ಲಿ ಬಂದಾಗ ಗುರುತು ಸಿಗ್ತದೆ. 120ರಲ್ಲಿ ಗುರುತು ಸಿಗುದಿಲ್ಲ, ಬರೀ ಗದ್ದಲ.

ಭಾವದ ಬಗ್ಗೆ ಇನ್ನು ಹೆಚ್ಚು ಹೇಳ್ಲಿಕ್ಕೆ ಇಲ್ಲ. ಮೇಜರ್ ಅಂದ್ರೆ ಖುಷಿ, ಮೈನರ್ ಅಂದ್ರೆ ದುಃಖ ಅಂತ ಅವಳಿಗೆ ಕಲಿಸಿದ್ದಾರೆ, ಅದು ಸಣ್ಣ ಮಕ್ಕಳಿಗೆ ಸರಿ. ಶಂಕರಾಭರಣದಲ್ಲಿ ನಿಧಾನ ಹೋದ್ರೆ ದೇವಸ್ಥಾನದ ಗೋಪುರ ಎದ್ದು ನಿಲ್ತದೆ, ಅದೇ ರಾಗದಲ್ಲಿ ಮಕ್ಕಳ ಬ್ಯಾಂಡು ಹೋಗ್ತದೆ. ಟೆಲೆಮಾನ್ ಇದ್ದ ಹ್ಯಾಂಬರ್ಗಿನಲ್ಲೇ ಮ್ಯಾಥೆಸನ್ ಅಂತ ಒಬ್ಬ 1713ರಲ್ಲಿ ಹದಿನೇಳು ಕೀಗಳ ಸ್ವಭಾವ ಪಟ್ಟಿ ಮಾಡಿದ್ದಾನೆ, ಜಿ ಮೇಜರ್ ಮಾತುಗಾರ ಸ್ವಭಾವದ್ದು, ಗಂಭೀರಕ್ಕೂ ಆಗ್ತದೆ ಉಲ್ಲಾಸಕ್ಕೂ ಆಗ್ತದೆ ಅಂತ. ಇಂಥ ಪಟ್ಟಿಗಳಲ್ಲಿ ನನಗೆ ದೊಡ್ಡ ನಂಬಿಕೆ ಇಲ್ಲ, ನಮ್ಮಲ್ಲಿ ರಾಗಕ್ಕೆ ಹೊತ್ತು ಹೇಳುವ ಪಟ್ಟಿಯ ಹಾಗೆಯೇ. ಆದ್ರೆ ಮಾತುಗಾರ ಅನ್ನುದು ಈ ಪೀಸಿಗೆ ಹೇಳಿ ಮಾಡಿಸಿದ ಹಾಗೆ ಇತ್ತು. ಮಾತಾಡಿದ ಹಾಗೆ ನುಡಿಸುದು ಅಂತ ಇಟ್ಕೊಂಡ ಮೇಲೆ ಖುಷಿಯಾ ಗಂಭೀರವಾ ಅನ್ನುವ ಪ್ರಶ್ನೆ ಯಾರೂ ಕೇಳ್ಲಿಲ್ಲ.

ಕಾರ್ಯಕ್ರಮದ ದಿನ. ಅವಳು ನಿಂತು, ನಾನು ನೆಲದಲ್ಲಿ ಕೂತು ನುಡಿಸಿದ್ರೆ ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಕಾಣುದಿಲ್ಲ, ಅದನ್ನು ಮೊದಲೇ ನೋಡಿ ಭಾಗವತರಿಗೆ ಹಾಕಿದ ಎತ್ತರದ ಮಂಚದಲ್ಲಿ ನಾನು, ಪಕ್ಕ ಸ್ಟೂಲಲ್ಲಿ ಅವಳು. ಸಭಾಭವನಕ್ಕೆ ಮೇಲೆ ತಗಡು ಶೀಟು, ಕೆಳಗೆ ಟೈಲ್ಸು. ಚಪ್ಪಾಳೆ ತಟ್ಟಿದ್ರೆ ಎರಡು ಸಲ ಕೇಳ್ತದೆ. ಅದು ಸಾಲದು ಅಂತ ಮೈಕಿನವ ಮಿಕ್ಸರಲ್ಲಿ ಎಕ್ಕೋ ಹಾಕಿಟ್ಟಿದ್ದಾನೆ, ನಮ್ಮ ಊರಿನ ಎಲ್ಲ ಮೈಕಿನವರೂ ಹಾಕುದು. ಬೇರೆ ಯಾವುದಕ್ಕಾದ್ರೂ ಸಹಿಸ್ಬಹುದು, ಕ್ಯಾನನಿಗೆ ಎಕ್ಕೋ ಅಂದ್ರೆ ಮೂರನೆಯವನೊಬ್ಬ ತಪ್ಪು ಜಾಗದಲ್ಲಿ ಸೇರಿದ ಹಾಗೆ. ಅವನ ಹತ್ರ ಹೋಗಿ ಎಕ್ಕೋ ತೆಗಿ ಮಾರಾಯ ಅಂದೆ. "ಎಕ್ಕೋ ಇಲ್ಲಾದೆ ಒರು ಸುಖಮಿಲ್ಲ ಚೇಟ್ಟಾ." ನಮಗೆ ಎಕ್ಕೋ ಹಾಕ್ಲಿಕ್ಕೆ ನನ್ನ ಅಣ್ಣನ ಮಗಳು ಕೂತಿದ್ದಾಳೆ ಅಂದೆ, ನಕ್ಕು ಬಂದ್ ಮಾಡಿದ. ಅತ್ತಿಗೆಯ ಹಾಡಿಗೆ ಇಟ್ಟು, ನಮ್ಮದಕ್ಕೆ ತೆಗೆದ, ಕೆಲಸ ಗೊತ್ತಿರುವ ಹುಡುಗ.

ಶೀಟಿನ ಮರುದನಿ ಮಾತ್ರ ಯಾರೂ ಬಂದ್ ಮಾಡ್ಲಿಕ್ಕೆ ಆಗುದಿಲ್ಲ. ಅತ್ತಿಗೆಯ ದೇವರನಾಮ ಆಗುವಾಗ ನಾನು ಅದನ್ನೇ ಕೇಳ್ತಾ ಇದ್ದೆ, ಸ್ವರ ನಿಲ್ಲಿಸಿದ ಮೇಲೂ ಎಷ್ಟು ಹೊತ್ತು ಮೇಲೆ ಸುತ್ತುತ್ತದೆ ಅಂತ. 96 ಇಲ್ಲಿ ನಡೆಯುದಿಲ್ಲ ಅಂತ ಗೊತ್ತಾಯ್ತು. ಅವಳಿಗೆ ಮೆಲ್ಲ ಹೇಳಿದೆ, ಸ್ವಲ್ಪ ಇಳಿಸ್ತೇನೆ, ಬಿಲ್ಲು ಇನ್ನೂ ಸಣ್ಣ ಮಾಡು. ಆಕಾಶ ಕಪ್ಪಾಗಿ ದೂರದಲ್ಲಿ ಗುಡುಗು ಬೇರೆ, ತುಲಾ ತಿಂಗಳಲ್ಲಿ ಮಧ್ಯಾಹ್ನ ಆದ್ರೆ ಅದು ಇದ್ದದ್ದೇ. ಮಳೆ ಶೀಟಿಗೆ ಬಿದ್ರೆ ಮುಗೀತು ಕಥೆ, ಯಾರ ಪಿಟೀಲೂ ಕೇಳುದಿಲ್ಲ. ಶುರು ಮಾಡಿದೆ. ಒಂದು ಬಾರ್ ಆಯ್ತು, ಅವಳು ಸೇರಿದ್ಳು. ಮುಂದೆ ಕೂತಿದ್ದ ಅರ್ಥಧಾರಿಯೊಬ್ಬರು, ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವವರು, ಎಲೆ ಅಡಿಕೆ ಕೈಯಲ್ಲಿ ಹಿಡಿದವರು ಬಾಯಿಗೆ ಹಾಕದೆ ಹಾಗೇ ಕೂತರು, ಅವರಿಗೆ ಸಂಭಾಷಣೆ ಅಂದ್ರೆ ಗೊತ್ತುಂಟಲ್ಲ. ನಡುವೆ ಒಂದು ಕಡೆ ನಾನು ಧ ತಪ್ಪಿದೆ, ಬಾರ್ ಬಿಟ್ಟು ಅವಳು ಅದೇ ಧ ಸರಿಯಾಗಿ ನುಡಿಸಿದ್ಳು, ಹಾಗಾಗಿ ಎಲ್ಲರಿಗೂ ನನ್ನ ತಪ್ಪು ಗೊತ್ತಾಯ್ತು, ಕ್ಯಾನನಲ್ಲಿ ಇದೊಂದು ಅಪಾಯ ಉಂಟು ಅಂತ ಮೊದಲೇ ಹೇಳ್ಬೇಕಿತ್ತು. ಮುಗಿದಾಗ ಅಣ್ಣನ ರೆಕಾರ್ಡಿಂಗಲ್ಲಿ ನೋಡಿದ್ರೆ ಎರಡು ನಿಮಿಷ ಹದಿನೆಂಟು ಸೆಕೆಂಡ್, ಮತ್ತೆ ತಟ್ಟಿ ನೋಡಿದ್ರೆ ಶುರುವಿಗೆ 92, ಕೊನೆಗೆ 91.

ಅಮ್ಮ ಮುಂದಿನ ಸಾಲಲ್ಲಿ ಹೊಸ ಸೀರೆಯಲ್ಲಿ ಕೂತು ಪೂರ್ತಿ ಕೇಳಿದ್ರು. ನಾವಿಬ್ಬರು ಹೋಗಿ ಕಾಲು ಹಿಡಿದಾಗ ಮೊಮ್ಮಗಳ ತಲೆ ಸವರಿ, ನನ್ನ ಮುಖ ನೋಡಿ, "ಚೆಂದ ಆಯ್ದು. ಆದರೆ ಒಟ್ಟಿಂಗೆ ನುಡಿಸುಲೆ ಬತ್ತಿಲ್ಲೆಯೋ ನಿಂಗೊಗೆ?"

ಮಳೆ ಬಂದದ್ದು ತಾಳಮದ್ದಳೆಯ ಪೀಠಿಕೆ ಆಗುವಾಗ.

ಮೊನ್ನೆ ರಾತ್ರಿ ಅವಳದ್ದು ಮತ್ತೆ ನೋಟ್‌ಬುಕ್ಕಿನ ಫೋಟೋ ಬಂದುಂಟು. ಅದೇ ಸೊನಾಟದ ಎರಡನೇ ಭಾಗ, ಮೇಲೆ ಅಡಾಜಿಯೋ. ಚೌಕ, ಅಂದ್ರೆ ನಮ್ಮ ನಿಧಾನ ಕಾಲ, ಅಂತ ತಿಳ್ಕೊಳ್ಳುದಾ ಅಂತ ಕೇಳಿದ್ದಾಳೆ, ಉತ್ತರ ಕೊಡ್ಲಿಲ್ಲ ಇನ್ನೂ. ಈ ಸಲ ಪುಟದ ಮೇಲ್ಗಡೆ ಮೂಲೆಯಲ್ಲಿ, ಸ್ವರ ಶುರು ಆಗುವ ಮೊದಲೇ, ಕೆಂಪು ಪೆನ್ನಲ್ಲಿ ಬರೆದು ಎರಡು ಗೆರೆ ಎಳೆದಿದ್ದಾಳೆ: ಸ ಎಲ್ಲಿ ಅಂತ ನಿಂಗಳೇ ನೋಡಿ ಹೇಳಿ.